ಬೀಡಿ ಬ್ರಾಂಚಿನ ಬೆಂಚಲ್ಲಿ ಬಿಪಿ, ಶುಗರ್

"ಬೀಡಿ ಬ್ರಾಂಚಲ್ಲಾ? ಆ ಹೊಗೆಸೊಪ್ಪಿನ ಧೂಳಲ್ಲಿ ನಿಮಗೆ ಯಾರು ಕೈ ಚಾಚ್ತಾರೆ ಸಿಸ್ಟರ್?" ಅಂತ ನಮ್ಮ ಡಾಕ್ಟ್ರು ನಕ್ಕಿದ್ದರು, ಹೆಂಗಸರು ಕಟ್ಟಿದ ಬೀಡಿಯನ್ನು ಎಣಿಸಿ ಒಪ್ಪಿಸುವ ಬ್ರಾಂಚಲ್ಲೇ ಬಿಪಿ, ಶುಗರ್ ನೋಡುತ್ತೇನೆ ಅಂದಾಗ. ಈಗ ತಿಂಗಳ ರಿಪೋರ್ಟಿಗೆ ಮೊದಲು ಕೇಳುವುದು ನನ್ನ ಪುಸ್ತಕವನ್ನೇ.

ಅದಕ್ಕೆ ಮೊದಲು ನಾನೂ ಬಿಪಿ, ಶುಗರ್ ಕ್ಯಾಂಪ್ ಮಾಡಿದವಳೇ. ಉಳ್ಳಾಲದ ಕಡೆ ಒಂದು ಶಾಲೆ, ಭಾನುವಾರ. ಶಾಮಿಯಾನ, ಬ್ಯಾನರ್, ಚಾ, ಬನ್ಸ್ ಸೇರಿ 6,000 ರೂಪಾಯಿ ಹತ್ತಿರ ಹೋಯಿತು. ಬಂದವರು 20-22 ಮಂದಿ. ಅರ್ಧ ಜನ ಆಗಲೇ ಮಾತ್ರೆ ತಿನ್ನುವವರು. ಬೀಡಿ ಕಟ್ಟುವವರು ಮೂರೇ ಜನ. ಬಾರದ ಒಬ್ಬರನ್ನು ಆಮೇಲೆ ಕೇಳಿದೆ. "ಅಲ್ಲಿ ಬಂದು ಕೂತರೆ ನನ್ನ 200 ಬೀಡಿ ಯಾರು ಕಟ್ಟುವುದು?" ಅಂದರು.

ಆದರೆ ಬ್ರಾಂಚಿಗೆ ಅವರು ಬಂದೇ ಬರುತ್ತಾರೆ, ಅಲ್ವಾ? ಎಣಿಕೆಗೆ ಕಾಯುವಾಗ ಕೈ ಸುಮ್ನೆ ಇರುತ್ತದೆ. ಅಲ್ಲೇ ಬೆಂಚು ಹಾಕಿದೆ. ನಡೆದು ಬಂದವರನ್ನು ಐದು ನಿಮಿಷ ಕೂರಿಸಿಯೇ ಬಿಪಿ ನೋಡುವುದು. ಬ್ರಾಂಚಿನವರಿಗೆ ಮೊದಲು ಹೆದರಿಕೆ, ಬೀಡಿಯಿಂದಲೇ ಕಾಯಿಲೆ ಅಂತ ಬರೆದುಬಿಡುತ್ತೇನೋ ಎಂದು. ಅವರನ್ನು ಹೇಗೆ ಒಪ್ಪಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ಬ್ರಾಂಚ್ ಬಾಕಿ ಇದೆ!

ಮೊದಲ ವಾರ ಸೋತದ್ದು ಶುಗರ್ ನೋಡುವ ಸೂಜಿಯಲ್ಲಿ. ಬೆರಳೇ ಅವರ ಬಂಡವಾಳ. ಅಭ್ಯಾಸಬಲದಿಂದ ಒಬ್ಬರ ತೋರುಬೆರಳಿಗೆ ಚುಚ್ಚಿದೆ. ಮರುದಿನ ನೂಲು ಸುತ್ತುವಾಗ ನೋವು ಅಂತ ಅವರು ಊರೆಲ್ಲ ಹೇಳಿದರು. ಎರಡು ವಾರ ಯಾರೂ ಹತ್ತಿರ ಬರಲಿಲ್ಲ. ಈಗ ಎಡಗೈ ಉಂಗುರ ಬೆರಳಿನ ಬದಿಗೆ ಮಾತ್ರ ಚುಚ್ಚುತ್ತೇನೆ. ಇನ್ನೊಂದು, ಕೈ ತೊಳೆಸಿ ಒರೆಸದೆ ಚುಚ್ಚಿ ಹತ್ತಿಪ್ಪತ್ತು ಸ್ಟ್ರಿಪ್ ಹಾಳು ಮಾಡಿದೆ. ರಕ್ತಕ್ಕೆ ನೀರು ಸೇರಿದರೆ ಲೆಕ್ಕ ತಪ್ಪುತ್ತದೆ. ಒಂದು ಸ್ಟ್ರಿಪ್‌ಗೆ 15-20 ರೂಪಾಯಿ, ಅದೂ ನನ್ನ ಕೈಯಿಂದ.

ಬಿಪಿ, ಶುಗರ್ ಬರೆದು ನಾವು ಕೊಟ್ಟ ಕಾರ್ಡ್ ಯಾರೂ ಇಟ್ಟುಕೊಳ್ಳಲಿಲ್ಲ. ಬೀಡಿಯ ಲೆಕ್ಕ ಬರೆಯುವ ಪಾಸ್‌ಬುಕ್ ಮಾತ್ರ ಮಳೆಗಾಲದಲ್ಲೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಾರೆ. ಅದರ ಕೊನೆಯ ಪುಟಕ್ಕೆ ನಮ್ಮ ಚೀಟಿ ಅಂಟಿಸಿದೆ. ಈ ಉಪಾಯ ನನ್ನದೇ, ಸ್ವಲ್ಪ ಜಂಬ ಇದೆ.

ಬಿಪಿ 140/90 ದಾಟಿದವರನ್ನು ಇನ್ನೊಂದು ದಿನ ಮತ್ತೆ ನೋಡುತ್ತೇನೆ. ಆಗಲೂ ಜಾಸ್ತಿ ಇದ್ದರೆ ನಾಲ್ಕು ಜನರನ್ನು ಒಂದೇ ರಿಕ್ಷಾದಲ್ಲಿ ಡಾಕ್ಟ್ರ ಹತ್ತಿರ ಕಳಿಸುತ್ತೇನೆ. ಬಾಡಿಗೆ ತಲೆಗೆ 30 ರೂಪಾಯಿ. ಡಾಕ್ಟ್ರು ಬರೆದ ಮೇಲೆ ತಿಂಗಳ ಮಾತ್ರೆಯನ್ನು ಆಶಾ ಕಾರ್ಯಕರ್ತೆ ಬ್ರಾಂಚಿಗೇ ತರುತ್ತಾರೆ. 170 ಚಿಲ್ಲರೆ ಹೆಂಗಸರನ್ನು ನೋಡಿದ್ದೇನೆ. ಐವತ್ತರಷ್ಟು ಮಂದಿಗೆ ಬಿಪಿ ಅಥವಾ ಶುಗರ್. ಸುಮಾರು 40 ಜನ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾರೆ.

ನಡುವೆ ಉಪ್ಪು ಕಡಿಮೆ ಮಾಡಿಸಲು ಉಪ್ಪಿನಕಾಯಿ, ಒಣಮೀನು ಬಿಡಿಸಹೋದೆ. ತುಳುವರ ಆಟಿ ತಿಂಗಳ ಮಳೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ಬೇರೆ ಏನಿದೆ ಅಂತ ನನ್ನನ್ನೇ ಬೈದರು. ಬಿಟ್ಟೆ. ಕೆಮ್ಮಿನ ಕೆಲಸ ಮಾತ್ರ ಫಲ ಕೊಟ್ಟಿತು. ಎಲ್ಲರೂ ಅದನ್ನು ಹೊಗೆಸೊಪ್ಪಿನ ಕೆಮ್ಮು ಅನ್ನುತ್ತಾರೆ. ಕೆಮ್ಮು ಎರಡು ವಾರ ದಾಟಿದವರಿಗೆ ಕಫ ಪರೀಕ್ಷೆಯ ಡಬ್ಬಿ ಕೊಟ್ಟೆ. ಒಬ್ಬರಿಗೆ ಟಿಬಿ ಸಿಕ್ಕಿತು. ಆರು ತಿಂಗಳ ಔಷಧಿ ಮುಗಿಸಿದ್ದಾರೆ. ಆ ದಿನಗಳಲ್ಲಿ ಅವರ ಪಾಲಿನ ಬೀಡಿಯನ್ನು ಅವರ ಅತ್ತಿಗೆ ಕಟ್ಟಿಕೊಟ್ಟರು.

ಈಗ ಪಕ್ಕದ ಬ್ರಾಂಚಿನಿಂದಲೂ ಕರೆ ಬಂದಿದೆ. ಎರಡೂ ಕಡೆ ಎಣಿಕೆ ಒಂದೇ ಹೊತ್ತಿಗೆ. ನನ್ನ ಹತ್ತಿರ ಮೆಷಿನ್ ಒಂದೇ.