ಶೀಟಿನ ಹಿಂದಿನ ಸಣ್ಣ ಅಕ್ಷರ

ಕುಮಟೆಯಲ್ಲಿ ನಾನು ಹೋಗುವ ಮೆಡಿಕಲ್ ಶಾಪಿನಲ್ಲಿ ಗರ್ಭನಿರೋಧಕ ಮಾತ್ರೆಯನ್ನು ಹಳೇ ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಾರೆ. ಒಮ್ಮೆ ಮನೆಗೆ ಬಂದು ಬಿಚ್ಚಿದರೆ ಡಬ್ಬಿಯ ಬಣ್ಣವೇ ಬೇರೆ. ಮಾರನೇ ದಿನ ಹೋಗಿ ಕೇಳಿದೆ.

“ಎಲ್ಲಾ ಒಂದೇ ಅಕ್ಕಾ, ಕಂಪನಿ ಬೇರೆ ಅಷ್ಟೇ” ಅಂದ ಹುಡುಗ.

ಒಂದೇ ಆಗಿರಲಿಲ್ಲ. ಆ ರಾತ್ರಿ ಅತ್ತೆಯ ಕನ್ನಡಕ ಇಸ್ಕೊಂಡು ಕೂತೆ. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೇಜಿನ ಮೇಲೆ ಮೂರು ಶೀಟು: ನನ್ನ ಹಳೇದು, ಈ ಹೊಸದು, ಮತ್ತೆ ಆಶಾ ಕಾರ್ಯಕರ್ತೆ ಅಕ್ಕ ಯಾವತ್ತೋ ಕೊಟ್ಟಿದ್ದ ಸರ್ಕಾರಿ ಮಾತ್ರೆ, ಮಾಲಾ-ಎನ್.

ಮೂರರಲ್ಲೂ ಎಥಿನೈಲ್ ಎಸ್ಟ್ರಾಡಿಯೋಲ್ ಅನ್ನುವ ಎಸ್ಟ್ರೋಜನ್ ಹಾರ್ಮೋನ್ ಇತ್ತು. ನನ್ನ ಹಳೇದರಲ್ಲಿ 0.02 ಮಿ.ಗ್ರಾಂ, ಉಳಿದೆರಡರಲ್ಲಿ 0.03. ಅದರ ಜೊತೆಗಾರ ಹಾರ್ಮೋನ್ ಮಾತ್ರ ಮೂರರಲ್ಲೂ ಬೇರೆ. ಹಳೇದರಲ್ಲಿ ಡೆಸೊಜೆಸ್ಟ್ರೆಲ್, ಹೊಸದರಲ್ಲಿ ಡ್ರೋಸ್ಪಿರೆನೋನ್, ಮಾಲಾ-ಎನ್‌ನಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ. ಮೂರೂ ಮಾಡುವ ಕೆಲಸ ಒಂದೇ, ಅಂಡ ಬಿಡುಗಡೆ ಆಗದಂತೆ ತಡೆಯುವುದು. ಸರಿಯಾಗಿ ತಗೊಂಡರೆ ಯಾವುದೂ ಕಡಿಮೆಯಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಮೂರು ಶೀಟನ್ನೂ ಚೀಲಕ್ಕೆ ಹಾಕಿಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಹಳೇ ಮಾತ್ರೆಯ ಶುರುವಿನಲ್ಲಿ ಎರಡು ತಿಂಗಳು ನಡುನಡುವೆ ರಕ್ತದ ಕಲೆ ಕಾಣಿಸಿಕೊಂಡು ಗಾಬರಿಯಾಗಿದ್ದೆ, ಅದು 0.02ರಲ್ಲಿ ಸ್ವಲ್ಪ ಜಾಸ್ತಿಯಂತೆ. ಡ್ರೋಸ್ಪಿರೆನೋನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಕಿಡ್ನಿ ತೊಂದರೆ ಇದ್ದವರಿಗೆ ಬೇಡ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಲೆಕ್ಕ ಬೇರೆ: ವರ್ಷಕ್ಕೆ 10,000 ಹೆಂಗಸರಲ್ಲಿ ಮಾತ್ರೆ ತಗೊಳ್ಳದವರಿಗೆ ಸುಮಾರು 2, ಲೆವೊನಾರ್ಜೆಸ್ಟ್ರೆಲ್ ಇರುವುದಕ್ಕೆ 5ರಿಂದ 7, ಇನ್ನೆರಡಕ್ಕೆ 9ರಿಂದ 12. ಬಸುರಿಯಾದಾಗ ಆಗುವ ಅಪಾಯ ಇದಕ್ಕಿಂತ ಜಾಸ್ತಿ ಅಂದರು. ಆದರೂ ಫುಕಟ್ಟೆ ಸಿಗುವ ಸರ್ಕಾರಿ ಮಾತ್ರೆಯೇ ಈ ಲೆಕ್ಕದಲ್ಲಿ ಮೇಲು! ಇಷ್ಟು ದಿನ ಸುಮ್ನೆ ಅದನ್ನು ಕಪಾಟಿನ ಮೂಲೆಗೆ ತಳ್ಳಿದ್ದೆ.

ನಾನು ಅದಕ್ಕೆ ಬದಲಾಗಿದ್ದು ಮಾತ್ರ ಬೇರೆ ಕಾರಣಕ್ಕೆ. ನನ್ನ ಹಳೇ ಶೀಟಿನಲ್ಲಿ 21 ಮಾತ್ರೆ. ಮುಗಿದ ಮೇಲೆ ಏಳು ದಿನ ಬಿಟ್ಟು ಹೊಸದು ಶುರು ಮಾಡಬೇಕು. ಹೋದ ಚೌತಿಗೆ ಶಿರಸಿಗೆ, ತವರಿಗೆ ಹೋಗಿದ್ದೆ. ಹೊಸ ಶೀಟು ಕುಮಟೆಯಲ್ಲೇ ಉಳಿದಿತ್ತು. ಪಂಚಕಜ್ಜಾಯ, ನೆಂಟರು, ಮಕ್ಕಳ ಗಲಾಟೆ. ವಾಪಸ್ ದೇವಿಮನೆ ಘಟ್ಟ ಇಳಿಯುವಾಗ ಧಸಕ್ ಅಂತ ನೆನಪಾಯಿತು. ಏಳು ದಿನ ಹೋಗಿ ಒಂಬತ್ತಾಗಿತ್ತು. ಶೀಟಿನ ಮಧ್ಯೆ ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ತಗೊಂಡು ಮುಂದುವರಿಸಿದರೆ ಸಾಕು. ಈ ಬಿಡುವು ಉದ್ದವಾಗುವುದೇ ಅಪಾಯ, ಮಲಗಿದ್ದ ಅಂಡಾಶಯ ಅಷ್ಟರಲ್ಲಿ ಎದ್ದಿರಬಹುದು. ಅವತ್ತೇ ಮಾತ್ರೆ ಶುರು ಮಾಡಿದೆ, ಏಳು ದಿನ ಕಾಂಡೋಮ್. ಮುಂದಿನ ಮುಟ್ಟು ಬರುವ ತನಕ ನಾನು, ನಮ್ಮನೆಯವರು ಇಬ್ಬರೂ ಕ್ಯಾಲೆಂಡರ್ ನೋಡಿದ್ದೇ ನೋಡಿದ್ದು.

ಮಾಲಾ-ಎನ್‌ನಲ್ಲಿ 28 ಇರುತ್ತವೆ. ಕೊನೆಯ ಏಳು ಮಾತ್ರೆ ಬೇರೆ ಬಣ್ಣದ್ದು, ಬರೀ ಕಬ್ಬಿಣಾಂಶ. ಬಿಡುವೇ ಇಲ್ಲ, ಒಂದು ಶೀಟು ಮುಗಿದ ಮಾರನೇ ದಿನ ಇನ್ನೊಂದು. ನನ್ನಂಥ ಮರೆಗುಳಿಗೆ ಇದೇ ಸರಿ. ಹಳೇ ಶೀಟಿನ ಕೊನೇ ಮಾತ್ರೆಯ ಮರುದಿನವೇ ಇದನ್ನು ಶುರು ಮಾಡಿದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮಾತ್ರೆ. ಮಳೆಗಾಲದ ಥಂಡಿಗೆ ಹೆದರಿ ಶೀಟನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದರೆ ತಂಗಿ, “ಜಾತ್ರೆಗೆ ಮುಟ್ಟು ಮುಂದೆ ಹಾಕೋಕೆ ತಗೊಂಡಿದ್ನಲ್ಲ, ಅದೇ ಅಲ್ವಾ?” ಅಂದಳು. ಅಲ್ಲ. ಅದು ನೊರೆಥಿಸ್ಟೆರೋನ್, ಅದನ್ನು ನಾಲ್ಕು ದಿನ ನುಂಗಿ ಗರ್ಭ ನಿಲ್ಲುವುದಿಲ್ಲ ಅಂತ ನಂಬಿ ಕೂರುವ ಹಾಗಿಲ್ಲ. ನನ್ನದೇ ಒಂದು ಶೀಟು ಕಳಿಸು ಅಂದಳು. ಕಳಿಸಲಿಲ್ಲ. ಅವಳಿಗೆ ಅರೆತಲೆನೋವು, ಬರುವ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕು ಕುಣಿಯುತ್ತದೆ. ಅಂಥವರು ಎಸ್ಟ್ರೋಜನ್ ಮುಟ್ಟಬಾರದು, ಪಾರ್ಶ್ವವಾಯುವಿನ ಅಪಾಯ. ಶಿರಸಿಯ ಡಾಕ್ಟರೂ ಅದನ್ನೇ ಹೇಳಿದರು. ಅವಳು ಕಾಪರ್-ಟಿ ಹಾಕಿಸಿಕೊಂಡಳು.