ಕಾಲು ಒಂದು ಕಚೇರಿಯಲ್ಲಿ, ಕಳೆ ಯಂತ್ರ ಇನ್ನೊಂದರಲ್ಲಿ

ಮಣ್ಣು ಹದ ಮಾಡುವ ರೋಟವೇಟರ್‌ಗೆ ಸಿಕ್ಕಿ ನನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಎರಡೂವರೆ ಎಕರೆ ಮೆಕ್ಕೆಜೋಳ, ತೊಗರಿ ಎಲ್ಲ ಹೆಂಡತಿಯ ಮೇಲೆ ಬಿತ್ತು. ‘ಅಂಗವಿಕಲ ರೈತರಿಗೆ ಸ್ಕೀಮ್ ಇದೆಯಾ?’ ಅಂತ ಕೇಳಿದರೆ ಎಲ್ಲರೂ ‘ಇರಬೇಕು, ವಿಚಾರಿಸಿ’ ಅಂದರು. ವಿಚಾರಿಸಿದೆ. ನನ್ನನ್ನು ಅಂಗವಿಕಲ ಅಂತ ನೋಡುವ ಇಲಾಖೆ ಬೇರೆ, ರೈತ ಅಂತ ನೋಡುವ ಇಲಾಖೆ ಬೇರೆ. ಎರಡರ ನಡುವೆ ಓಡಾಡಬೇಕಾದವನು ಮಾತ್ರ ಒಂಟಿ ಕಾಲಿನವನು!

ಮೊದಲು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿದೆ. ಅಂಗವೈಕಲ್ಯ ಕನಿಷ್ಠ ಶೇ 40 ಇದ್ದರೆ ಮಾತ್ರ ಹೆಚ್ಚಿನ ಸೌಲಭ್ಯ. ನನಗೆ ಶೇ 60 ಬರೆದರು. ಅರ್ಜಿ ತುಂಬಿಕೊಟ್ಟಿದ್ದು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಅವರೂ ಪೋಲಿಯೋದಿಂದ ಅಂಗವಿಕಲರಾದವರೇ. “ಅಣ್ಣಾ, ಎಲ್ಲದರದ್ದೂ ಐದೈದು ಜೆರಾಕ್ಸ್ ಇಟ್ಕೊಳ್ಳಿ” ಅಂದರು. ಎಂಟಾದರೂ ಸಾಲಲಿಲ್ಲ.

ಕೃತಕ ಕಾಲಿಗೆ ಕೇಂದ್ರದ ಎಡಿಐಪಿ, ಅಂದರೆ ಅಂಗವಿಕಲರಿಗೆ ಸಾಧನ ಕೊಡುವ ಯೋಜನೆ ಇದೆ. ಆದಾಯ ಮಿತಿಯೊಳಗಿದ್ದರೆ ಪೂರ್ತಿ ಉಚಿತ. ಒಂದು ಶಿಬಿರದಲ್ಲಿ ಅಳತೆ, ತಿಂಗಳುಗಳಾದ ಮೇಲೆ ಇನ್ನೊಂದರಲ್ಲಿ ವಿತರಣೆ. ಇಲ್ಲೇ ನಾನು ಎಡವಿದ್ದು. ಹೊಲದ ಕೆಲಸ ಮಾಡುವವನು ಅಂತ ಅಳತೆ ದಿನ ಹೇಳಲೇ ಇಲ್ಲ. ಬಂದದ್ದು ಶೂ ಹಾಕಿ ನಡೆಯುವ ಪಾದ. ನಮ್ಮದು ಎರೆ ಭೂಮಿ. ಮಳೆ ಬಿದ್ದ ಮಾರನೇ ದಿನ ಶೂಗೆ ಮಣ್ಣು ಮೆತ್ತಿ ಕಲ್ಲು ಕಟ್ಟಿಕೊಂಡ ಹಾಗೆ ಆಯಿತು. ಒಮ್ಮೆ ಪಡೆದರೆ ಮೂರು ವರ್ಷ ಅದೇ ಸಾಧನ ಮತ್ತೆ ಕೊಡುವುದಿಲ್ಲ. ಆಮೇಲೆ ಒಂದು ಉಚಿತ ಶಿಬಿರದಲ್ಲಿ ಜೈಪುರ ಕಾಲು ಹಾಕಿಸಿಕೊಂಡೆ. 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ಇದನ್ನು ಮಾಡಿದ್ದೇ ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ ಜನರಿಗೆ. ರಬ್ಬರ್ ಪಾದ, ಕೆಸರಲ್ಲಿ ಹೋಗಿ ಬಂದು ತೊಳೆದರೆ ಆಯಿತು.

ಇನ್ನು ಪವರ್ ವೀಡರ್, ಅಂದರೆ ಕಳೆ ತೆಗೆಯುವ ಯಂತ್ರ. ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಪಹಣಿ ಕೊಟ್ಟೆ. ನನಗೆ ಅರ್ಧ ಸಹಾಯಧನ, ಅಂಗವಿಕಲ ಅಂತ ಜಾಸ್ತಿ ಏನೂ ಇಲ್ಲ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್ ಅಭಿವೃದ್ಧಿ ಯೋಜನೆಗಳಲ್ಲಿ ನಮಗೆ ಶೇ 5 ಮೀಸಲಿಡಬೇಕು ಅನ್ನುತ್ತದೆ. ಬಾಯಲ್ಲಿ ಹೇಳಿದಾಗ ಸುಮ್ನೆ ತಲೆಯಾಡಿಸಿದರು. ಅದನ್ನೇ ಬರೆದು ಕೊಟ್ಟು, ಸೀಲ್ ಹಾಕಿದ ಸ್ವೀಕೃತಿ ತಗೊಂಡೆ. ಆ ವರ್ಷದ ಪಟ್ಟಿಯಲ್ಲಿ ಹೆಸರು ಬಂತು.

ಯಂತ್ರ ಮನೆಗೆ ಬಂದ ಮೇಲೆ ಗೊತ್ತಾಯಿತು, ಇದು ಎರಡು ಕಾಲಿನವರಿಗೆ ಮಾಡಿದ್ದು ಅಂತ. ಹಗ್ಗ ಎಳೆದು ಸ್ಟಾರ್ಟ್ ಮಾಡುವಾಗ ಮೈ ಹಿಂದಕ್ಕೆ ವಾಲುತ್ತದೆ. ಅದಕ್ಕೆ ಬದುವಿನ ಬೇವಿನ ಮರಕ್ಕೆ ಬೆನ್ನು ಕೊಟ್ಟು ಎಳೆಯುತ್ತೇನೆ. ರಿವರ್ಸ್ ಹಾಕುವುದೇ ಇಲ್ಲ, ಬ್ಲೇಡ್ ಮೈಮೇಲೆ ಬಂದರೆ ಹಾರಿ ಹಿಂದೆ ಸರಿಯೋಕೆ ಆಗಲ್ಲ ಅಲ್ವಾ? ವೆಲ್ಡಿಂಗ್ ಅಂಗಡಿಯಲ್ಲಿ ಹ್ಯಾಂಡಲ್ ಒಂದಡಿ ಉದ್ದ ಮಾಡಿಸಿದೆ. ಆಗ ಧೈರ್ಯ ಬಂತು.

ಆ ವೆಲ್ಡಿಂಗ್‌ಗೆ ಆದ 1,200 ರೂಪಾಯಿಗೆ ಯಾವ ಇಲಾಖೆಯಲ್ಲೂ ಜಾಗ ಇಲ್ಲ. ಪಂಚಾಯಿತಿ ಸ್ವಂತ ಆದಾಯದ ಶೇ 5 ಅಂಗವಿಕಲರಿಗೆ ಖರ್ಚು ಮಾಡಬೇಕು, ಅದರಲ್ಲಿ ಕೇಳಿದೆ. ಬಿಲ್ ತನ್ನಿ ಅಂದರು. ವೆಲ್ಡರ್ ಹತ್ತಿರ ಬಿಲ್ ಬುಕ್ಕೇ ಇರಲಿಲ್ಲ. ನನ್ನ ಕಾಟಕ್ಕೆ ಈಗ ಮಾಡಿಸಿದ್ದಾನೆ. ಮುಂದಿನ ಗ್ರಾಮಸಭೆಗೆ ಅರ್ಜಿ ರೆಡಿ ಇದೆ: ಕೂತು ಕಳೆ ಕೀಳೋಕೆ ಒಂದು ಚಕ್ರದ ಮಣೆ.