ಫ್ರೆಂಚ್ ಪುಟಕ್ಕೆ ಎರಡು ಸಾಲು ಕನ್ನಡ: ಫ್ರಾನ್ಸಿನ ಎಕ್ಸ್‌ನ ವರ್ಷದಲ್ಲಿ ನಾನು ಮಾಡಿದ್ದು

ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಓದಿದ ನನಗೆ, ಕೊನೆ ವರ್ಷದ ಪ್ರಬಂಧಕ್ಕೆ ಎಪ್ಪತ್ತರ ಮೇಲೆ ಅಂಕ ಬಂತು. ಇಂಗ್ಲೆಂಡಿನಲ್ಲಿ ಓದುವವರಿಗೆ ಮೊದಲ ದರ್ಜೆಯ ಆ ಗೆರೆ ದಾಟುವುದು ಎಷ್ಟು ಕಷ್ಟ ಅಂತ ಗೊತ್ತೇ ಇದೆ. ಆದ್ದರಿಂದ ಇದನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಎರಡನೇ ವರ್ಷದಲ್ಲಿ ನನ್ನ ಯೋಜನೆ ಹೇಳಿದಾಗ ಒಬ್ಬರೂ ಒಪ್ಪಿರಲಿಲ್ಲ. ಫ್ರೆಂಚ್ ಕಾದಂಬರಿಕಾರ ಜ್ಯಾಂ ಜಿಯೊನೊ ಮತ್ತು ನಮ್ಮ ಶಿವರಾಮ ಕಾರಂತರನ್ನು ಪಕ್ಕಪಕ್ಕ ಇಟ್ಟು ಬರೆಯುತ್ತೇನೆ, ಇಬ್ಬರನ್ನೂ ಮೂಲದಲ್ಲೇ ಓದುತ್ತೇನೆ, ಮಧ್ಯೆ ಇಂಗ್ಲಿಷ್ ತರುವುದಿಲ್ಲ ಅಂದೆ. 'ಕನ್ನಡ ಬಲ್ಲವರು ಇಲ್ಲಿ ಯಾರೂ ಇಲ್ಲ, ನಿನ್ನ ಪ್ರಬಂಧವನ್ನು ತಿದ್ದುವವರು ಯಾರು?' ಅಂತ ವಿಭಾಗದವರು ಕೇಳಿದರು. ಮಾವ ಫೋನಿನಲ್ಲಿ 'ಫ್ರೆಂಚ್ ಓದೋದೇ ಜಾಸ್ತಿ ಆಯ್ತು, ಅದರ ಜೊತೆ ಕನ್ನಡ ಬೇರೆ ಯಾಕಮ್ಮ?' ಅಂದರು. ಅಮ್ಮಮ್ಮ ಮಾತ್ರ ಕುಂದಾಪ್ರದ ಮಾತಿನಲ್ಲಿ ಕೇಳಿದ್ದು ಒಂದೇ: 'ಕಾರಂತರನ್ನ್ ಓದುಕೆ ಅಷ್ಟ್ ದೂರ ಹೋಯ್ಕಾ?'

ನನ್ನ ಕನ್ನಡ ಎಷ್ಟಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ಬ್ರಹ್ಮಾವರದ ಹತ್ತಿರ ಆರನೇ ಕ್ಲಾಸಿನವರೆಗೆ ಕನ್ನಡ ಶಾಲೆ. ಆಮೇಲೆ ಅಪ್ಪನ ಕೆಲಸಕ್ಕಾಗಿ ಇಂಗ್ಲೆಂಡ್. ಮನೆಯಲ್ಲಿ ಮಾತು ಉಳಿಯಿತು, ಓದು ನಿಧಾನವಾಯಿತು. ಇಷ್ಟಿದ್ದರೆ ಸಾಕು. ನಾನು ಹೇಳುವ ದಾರಿಗೆ ಪಂಡಿತರ ಕನ್ನಡ ಬೇಕಿಲ್ಲ.

ಡಿಗ್ರಿಯ ಒಂದು ವರ್ಷವನ್ನು ವಿನಿಮಯದಲ್ಲಿ ಫ್ರಾನ್ಸಿನಲ್ಲಿ ಓದಲು 2022ರ ಸೆಪ್ಟೆಂಬರ್‌ನಲ್ಲಿ ಎಕ್ಸ್-ಆನ್-ಪ್ರೊವಾನ್ಸ್‌ಗೆ ಹೋದೆ. ನನ್ನ ಜೊತೆಯವರೆಲ್ಲ ಪ್ಯಾರಿಸ್, ಲಿಯೊನ್ ಆರಿಸಿಕೊಂಡರು. ನಾನು ಎಕ್ಸ್ ಆರಿಸಿದ್ದಕ್ಕೆ ಕಾರಣ ಒಂದೇ. ಜಿಯೊನೊ ಹುಟ್ಟಿ, ಬದುಕಿ, 1970ರಲ್ಲಿ ತೀರಿಕೊಂಡ ಮಾನೊಸ್ಕ್ ಅಲ್ಲಿಂದ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಯಾವ ಲೇಖಕರ ಬಗ್ಗೆ ಬರೆಯುತ್ತೀರಿ ಅಂತ ಮೊದಲು ಗಟ್ಟಿ ಮಾಡಿ, ಆಮೇಲೆ ಊರು ಆರಿಸಿ. ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ. ಅವರ ಪ್ರಬಂಧದಲ್ಲಿ ಆ ವರ್ಷದ ಸುಳಿವೇ ಇರುವುದಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸುತ್ತೇನೆ. ಎಲ್ಲರೂ ಕೇಳುವುದು ಅದನ್ನೇ. ನಮ್ಮ ವಿಶ್ವವಿದ್ಯಾಲಯಕ್ಕೆ ಆ ವರ್ಷ ಕಟ್ಟಿದ್ದು ಪೂರ್ತಿ ಶುಲ್ಕದ 15 ಶೇಕಡಾ, ಅಂದರೆ ಸುಮಾರು 1,385 ಪೌಂಡ್. ಫ್ರಾನ್ಸಿನಲ್ಲಿ ಬೇರೆ ಶುಲ್ಕ ಇಲ್ಲ. ಬ್ರೆಕ್ಸಿಟ್ ಆದಮೇಲೆ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ವೀಸಾ ಬೇಕು. ಆಗ ತಿಂಗಳಿಗೆ 615 ಯೂರೋ ಇದೆ ಅಂತ ತೋರಿಸಬೇಕಿತ್ತು. ಕ್ಯಾಂಪಸ್ ಸೌಲಭ್ಯಗಳಿಗಾಗಿ ವಿದ್ಯಾರ್ಥಿಗಳು ಕಟ್ಟುವ ಸಿವಿಇಸಿ ಅನ್ನುವ ಹಣವನ್ನು ವಿನಿಮಯದಲ್ಲಿ ಬಂದವರು ಕಟ್ಟಬೇಕಿಲ್ಲ. ಕಟ್ಟಲೇಬೇಕು ಅಂತ ಯಾರಾದರೂ ಹೇಳಿದರೆ ಇನ್ನೊಮ್ಮೆ ಕೇಳಿ. ನನ್ನ ಜೊತೆಯವರು ಇಬ್ಬರು ಸುಮ್ನೆ ಕಟ್ಟಿಬಿಟ್ಟರು.

ಮನೆ ಸಿಗುವುದು ತುಂಬಾ ಕಷ್ಟ. ಎಕ್ಸ್ ದುಬಾರಿ ಊರು. ಆಗ ಒಬ್ಬರೇ ಇರುವ ಕೋಣೆಗೆ ಐನೂರೈವತ್ತು ಯೂರೋ, ಒಳ್ಳೆಯದಾದರೆ ಆರುನೂರು. ಫ್ರಾನ್ಸಿನಲ್ಲಿ ಸಂಬಳ ಬರುವ ಜಾಮೀನುದಾರ ಬೇಕು ಅಂತ ಒಂದು ಏಜೆನ್ಸಿ ಹಟ ಹಿಡಿಯಿತು. ಇಲ್ಲದಿದ್ದರೆ ವರ್ಷದ ಬಾಡಿಗೆ ಮುಂಗಡ ಅಂತೆ. ನಾನು ಬಿಟ್ಟು ಬಂದೆ. ವಿಸಾಲ್ ಅಂತ ಒಂದು ಜಾಮೀನು ಯೋಜನೆ ಇದೆ, ಮೂವತ್ತರೊಳಗಿನ ವಿದ್ಯಾರ್ಥಿಗಳಿಗೆ ಸಿಗುತ್ತದೆ, ಪುಕ್ಕಟೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅದು ಕೈಯಲ್ಲಿರಬೇಕು. ಅದನ್ನು ತೋರಿಸಿದ ಮೇಲೆ ಒಬ್ಬ ಅಜ್ಜಿ ತಮ್ಮ ಮನೆಯ ಮೇಲಿನ ಕೋಣೆಯನ್ನು ನಾನೂರರ ಆಸುಪಾಸಿಗೆ ಕೊಟ್ಟರು. ಅದರಲ್ಲಿ ಒಂದು ಭಾಗ ಕಾಫ್ ಅನ್ನುವ ಕಚೇರಿಯಿಂದ ಬಾಡಿಗೆ ಸಹಾಯವಾಗಿ ವಾಪಸ್ ಬಂತು. ಆದರೆ ಮೊದಲ ತಿಂಗಳಿಗೆ ಸಿಗಲಿಲ್ಲ, ಲೆಕ್ಕ ಹಾಕುವಾಗ ನೆನಪಿರಲಿ. ಆ ಸಹಾಯಕ್ಕೆ ಹುಟ್ಟಿದ ಪ್ರಮಾಣಪತ್ರದ ಫ್ರೆಂಚ್ ಅನುವಾದ ಬೇಕು, ಅದನ್ನು ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರೇ ಮಾಡಬೇಕು. ನನ್ನದು ಕನ್ನಡ ಮತ್ತು ಇಂಗ್ಲಿಷ್ ಎರಡೂ ಇದ್ದ ಉಡುಪಿಯ ಕಾಗದ. ಇಂಗ್ಲಿಷ್ ಭಾಗ ನೋಡಿ ಮಾಡಿಕೊಟ್ಟರು, ನಲವತ್ತು ಯೂರೋ ಆಯಿತು ಅಂತ ನೆನಪು. ಊರಲ್ಲಿ ಹುಟ್ಟಿದವರು ಎರಡು ಭಾಷೆಯ ಪ್ರತಿಯನ್ನೇ ತೆಗೆದುಕೊಂಡು ಹೋಗಿ. ಊಟಕ್ಕೆ ಕ್ಯಾಂಪಸ್ಸಿನ ಕ್ಯಾಂಟೀನ್, ಆಗ 3.30 ಯೂರೋ. ಸಸ್ಯಾಹಾರಿಗಳಿಗೆ ಅಲ್ಲಿ ಪಾಸ್ತಾ, ಬೇಳೆ, ಮತ್ತೆ ಪಾಸ್ತಾ. ರಾತ್ರಿ ಕೋಣೆಯಲ್ಲಿ ಅನ್ನ ಸಾರು ಮಾಡಿಕೊಳ್ಳುತ್ತಿದ್ದೆ. ವಾರಕ್ಕೆರಡು ಸಲ ಒಂದು ಮನೆಯ ಮಗುವಿಗೆ ಇಂಗ್ಲಿಷ್ ಹೇಳಿಕೊಟ್ಟೆ, ಗಂಟೆಗೆ ಹದಿನೈದು ಯೂರೋ. ಮಾನೊಸ್ಕ್‌ಗೆ ಹೋಗಿಬರುವ ಖರ್ಚು, ಪುಸ್ತಕದ ಖರ್ಚು ಎಲ್ಲ ಅದರಲ್ಲೇ ನಡೆಯಿತು.

ಇನ್ನು ಓದಿನ ವಿಷಯ. ನಮ್ಮಲ್ಲಿ ಚಾಲ್ತಿಯಲ್ಲಿರುವ ಉಪಾಯಗಳು ನಿಮಗೂ ಗೊತ್ತು. ಅವೆಲ್ಲ ನನಗೆ ಕೈಕೊಟ್ಟವು. ಫೋನಿನ ಪದಕಾರ್ಡುಗಳು: ಸಾವಿರಗಟ್ಟಲೆ ಪದ ಬಂದವು, ಒಂದು ಪ್ಯಾರಾ ಬರೆಯಲು ಬರಲಿಲ್ಲ. ಮಾತಿನ ವಿನಿಮಯಕ್ಕೆ ಸಿಕ್ಕ ಫ್ರೆಂಚ್ ಹುಡುಗಿ: ಅವಳಿಗೆ ಇಂಗ್ಲಿಷ್ ಬೇಕಿತ್ತು, ಅವಳ ಇಂಗ್ಲಿಷ್ ನನ್ನ ಫ್ರೆಂಚಿಗಿಂತ ಚೆನ್ನಾಗಿತ್ತು, ಮಾತೆಲ್ಲ ಆ ಕಡೆಗೇ ಹೋಯಿತು. ಫ್ರೆಂಚ್ ಮೂಲದ ಜೊತೆ ಇಂಗ್ಲಿಷ್ ಅನುವಾದ ಇಟ್ಟುಕೊಂಡು ಓದುವುದು: ಇದೇ ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣು ಸುಲಭದ ಕಡೆಗೇ ಜಾರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ನನ್ನ ಪಠ್ಯವಿಶ್ಲೇಷಣೆಗೆ, ಅಂದರೆ ಕೊಮಾಂತೇರ್‌ಗೆ ಇಪ್ಪತ್ತಕ್ಕೆ ಏಳು ಬಂತು. ಅಲ್ಲಿ ಹತ್ತು ಅಂದರೆ ಪಾಸು, ಹನ್ನೆರಡು ಪರವಾಗಿಲ್ಲ, ಹದಿನಾಲ್ಕು ಚೆನ್ನಾಗಿದೆ ಅಂತ ಅರ್ಥ. ಅಂಚಿನ ತುಂಬ 'ಮಾಲಾದ್ರ್ವಾ', ಅಂದರೆ ಒಡ್ಡೊಡ್ಡು, ಅಂತ ಕೆಂಪು ಶಾಯಿ. ಓದುವ ಫ್ರೆಂಚ್ ಸರಿಯಿತ್ತು. ಆದರೆ ಬರೆದದ್ದು ಇಂಗ್ಲಿಷ್ ವಾಕ್ಯಕ್ಕೆ ಫ್ರೆಂಚ್ ಬಟ್ಟೆ ತೊಡಿಸಿದ ಹಾಗಿತ್ತು.

ಕ್ರಿಸ್‌ಮಸ್ ಹತ್ತಿರ ಬಂದಾಗ ಇದನ್ನು ಶುರು ಮಾಡಿದೆ. ಬೆಳಿಗ್ಗೆ ಜಿಯೊನೊನ ಒಂದು ಪುಟವನ್ನು ಗಟ್ಟಿಯಾಗಿ ಓದುವುದು. ನಿಘಂಟು ಮುಟ್ಟುವುದಿಲ್ಲ. ಪುಸ್ತಕ ಮುಚ್ಚಿ, ಆ ಪುಟದಲ್ಲಿ ಆದದ್ದನ್ನು ಎರಡು ಸಾಲು ಕನ್ನಡದಲ್ಲಿ ಬರೆಯುವುದು. ಪುಸ್ತಕದ ಕನ್ನಡ ಬೇಡ, ಮನೆಯಲ್ಲಿ ಮಾತಾಡುವ ಕನ್ನಡವೇ ಸಾಕು. ಮಾರನೇ ದಿನ ಆ ಎರಡು ಸಾಲು ಮಾತ್ರ ಮುಂದಿಟ್ಟುಕೊಂಡು, ಪುಟವನ್ನು ಫ್ರೆಂಚಿನಲ್ಲಿ ಬಾಯಿಂದ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡುವುದು. ಆಮೇಲೆ ಪುಸ್ತಕ ತೆರೆದು, ನಾನು ಹೇಳಿದ್ದನ್ನೂ ಅವನು ಬರೆದದ್ದನ್ನೂ ಹೋಲಿಸುವುದು. ದಿನಕ್ಕೆ ಅರ್ಧ ಗಂಟೆ ಹಿಡಿಯಿತು. ಇಂಗ್ಲಿಷಿನಲ್ಲಿ ಟಿಪ್ಪಣಿ ಮಾಡಿದರೆ ಅರ್ಧ ಪದಗಳು ಫ್ರೆಂಚಿನಂತೆಯೇ ಇರುತ್ತವೆ, ಅವನ್ನೇ ಹೆಕ್ಕಿ ಹಾಕಿಬಿಡಬಹುದು. ಕನ್ನಡದಲ್ಲಿ ಆ ಆಸರೆ ಇಲ್ಲ. ಪುಟದಲ್ಲಿ ಏನಾಯಿತು ಅಂತ ತಿಳಿದಿದ್ದರೆ ಮಾತ್ರ ಹೇಳಲು ಬರುತ್ತದೆ.

ಹೋಲಿಸುವಾಗ ನಾನು ಯಾವ ಕ್ರಮದಲ್ಲಿ ಗುರುತು ಹಾಕುತ್ತಿದ್ದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಚಳಿಗಾಲವೇ ಬೇಕಾಯಿತು, ಅದು ನನ್ನ ಹತ್ತಿರವೇ ಇರಲಿ.

ಫೆಬ್ರವರಿಯಲ್ಲಿ ಹನ್ನೊಂದು ಬಂತು. ಏಪ್ರಿಲ್‌ನಲ್ಲಿ ಹದಿನಾಲ್ಕೂವರೆ. ಆ ತರಗತಿಯಲ್ಲಿ ಅಲ್ಲಿಯವರೇ ಆದ ಎಷ್ಟೋ ಮಕ್ಕಳಿಗೆ ಹನ್ನೆರಡು ದಾಟಿರಲಿಲ್ಲ. ಏಳು ಕೊಟ್ಟ ಪ್ರಾಧ್ಯಾಪಕರೇ ಕೊಠಡಿಗೆ ಕರೆದು ಏನು ಮಾಡಿದೆ ಅಂತ ಕೇಳಿದರು. ಆ ದಿನ ಅಮ್ಮಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಎಲ್ಲ ಲೇಖಕರಿಗೂ ಇದು ನಡೆಯುವುದಿಲ್ಲ. ಮೊಪಾಸಾನ ಕತೆಗಳಿಗೆ ಚೆನ್ನಾಗಿ ಒಗ್ಗಿತು. ಫ್ಲೊಬೇರ್‌ಗೆ ಒಗ್ಗಲೇ ಇಲ್ಲ. ಅವನ ಪುಟವನ್ನು ಎರಡು ಸಾಲಿಗೆ ಇಳಿಸಿದರೆ ಉಳಿಯುವುದು ಬರೀ ಘಟನೆ. ಹೇಳುತ್ತಿರುವುದು ಲೇಖಕನೋ ಪಾತ್ರವೋ ಅನ್ನುವ ಆ ಮಸುಕು ಪೂರ್ತಿ ಹೋಗಿಬಿಡುತ್ತದೆ. ಕವಿತೆಗಂತೂ ಬೇರೆಯದೇ ದಾರಿ ಬೇಕು. ಬೋದಿಲೇರನ 1857ರ ಕವನಗಳನ್ನು ಲಂಕೇಶರು 'ಪಾಪದ ಹೂಗಳು' ಅಂತ ಕನ್ನಡಕ್ಕೆ ತಂದಿದ್ದಾರಲ್ಲ, ಅದನ್ನು ಊರಿಂದ ತರಿಸಿಕೊಂಡು ಮೂಲದ ಜೊತೆ ಓದಿದೆ. ಕೂತದ್ದು ಎಕ್ಸ್‌ನ ಮೆಜಾನ್ ಗ್ರಂಥಾಲಯದಲ್ಲಿ. ಹಳೆಯ ಬೆಂಕಿಪೊಟ್ಟಣದ ಕಾರ್ಖಾನೆ ಅದು, ಬಾಗಿಲ ಬಳಿ ಆಳೆತ್ತರ ಮೀರಿದ ಪುಸ್ತಕಗಳ ಆಕಾರ ನಿಲ್ಲಿಸಿದ್ದಾರೆ. ಪ್ರಬಂಧಕ್ಕೆ ಅದರಿಂದ ಸಿಕ್ಕಿದ್ದು ಒಂದು ಅಡಿಟಿಪ್ಪಣಿ ಮಾತ್ರ. ಆದರೆ ಆ ಮಧ್ಯಾಹ್ನಗಳನ್ನು ನಾನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲ.

ಇನ್ನೊಂದು ಅಡ್ಡದಾರಿ. ಫ್ರಾನ್ಸಿನ ಹಳೆಯ ವಸಾಹತುಗಳ ದಾಖಲೆಗಳ ರಾಷ್ಟ್ರೀಯ ಭಂಡಾರ ಇರುವುದು ಎಕ್ಸ್‌ನಲ್ಲೇ. ಪಾಂಡಿಚೇರಿ, ಮಾಹೆಯ ಕಾಗದಗಳು ಅಲ್ಲಿವೆ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿಯನ್ನು ನೋಡಲು ಬಂದು ಇಳಿದದ್ದು ಎಕ್ಸ್‌ಗೆ ದೂರವಲ್ಲದ ತೂಲೋನ್ ಬಂದರಿನಲ್ಲಿ. ಮೈಸೂರಿನ ವಿಷಯ ಏನಾದರೂ ಸಿಗುತ್ತದಾ ಅಂತ ಹೋದೆ. ಹದಿನೆಂಟನೇ ಶತಮಾನದ ಕೈಬರಹ ಓದುವುದು ಕಲಿತೆ. ಫ್ರೆಂಚಿನಲ್ಲಿ ಈಗ 'ai' ಬರೆಯುವ ಎಷ್ಟೋ ಕಡೆ ಆಗ 'oi' ಬರೆಯುತ್ತಿದ್ದರು, ಅದು ಗೊತ್ತಾದರೆ ಅರ್ಧ ಸಮಸ್ಯೆ ಮುಗಿಯಿತು. ಪ್ರಬಂಧಕ್ಕೆ ಒಂದು ಸಾಲೂ ಬರಲಿಲ್ಲ. ಎಂಎಗೆ ಇದನ್ನೇ ಹಿಡಿಯುವ ಯೋಚನೆ ಇದೆ, ಹಾಗಾಗಿ ಇದರ ಬಗ್ಗೆ ಇಷ್ಟೇ ಹೇಳುತ್ತೇನೆ.

ಈಗ ತೌಲನಿಕ ಭಾಗ. ಜಿಯೊನೊ 1930ರಲ್ಲಿ ಬರೆದ 'ರಗ್ಯಾಂ' ಸಣ್ಣ ಕಾದಂಬರಿ. ಜನ ಬಿಟ್ಟುಹೋದ ಒಂದು ಬೆಟ್ಟದ ಹಳ್ಳಿ. ಪಾಂತುರ್ಲ್ ಅನ್ನುವವನೊಬ್ಬ ಉಳಿದಿದ್ದಾನೆ. ಮಾಮೆಶ್ ಅನ್ನುವ ಮುದುಕಿಯಿಂದಾಗಿ ಆರ್ಸ್ಯೂಲ್ ಅವನ ಹತ್ತಿರ ಬರುತ್ತಾಳೆ. ಅವನು ಗೋಧಿ ಬಿತ್ತುತ್ತಾನೆ, ಹಳ್ಳಿಗೆ ಮತ್ತೆ ಜೀವ ಬರುತ್ತದೆ. ಕಾರಂತರ 'ಮರಳಿ ಮಣ್ಣಿಗೆ' 1940ರ ದಶಕದ ಆರಂಭದ್ದು. ನಮ್ಮ ಕರಾವಳಿಯ ಕೋಡಿ ಹಳ್ಳಿಯ ರಾಮ ಐತಾಳರಿಂದ ಮೊಮ್ಮಗ ರಾಮನವರೆಗೆ ಮೂರು ತಲೆಮಾರು. ಎರಡೂ ಮಣ್ಣಿಗೆ ಹಿಂತಿರುಗುವ ಕತೆ ಅಂತ ಮೇಲ್ನೋಟಕ್ಕೆ ಯಾರಾದರೂ ಹೇಳಿಯಾರು. ಅಷ್ಟೇ ಬರೆದಿದ್ದರೆ ಐವತ್ತೈದು ಅಂಕ ಬರುತ್ತಿತ್ತು.

ನಾನು ಹಿಡಿದದ್ದು ಕಾಲವನ್ನು. 1940ರ ಜೂನ್‌ನಲ್ಲಿ, ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ, ಮಣ್ಣು ಸುಳ್ಳು ಹೇಳುವುದಿಲ್ಲ ಅಂತ ಸರ್ಕಾರದ ಮುಖ್ಯಸ್ಥ ಪೆತಾಂ ರೇಡಿಯೊದಲ್ಲಿ ಹೇಳಿದರು. ಮಣ್ಣಿಗೆ ಹಿಂತಿರುಗುವುದು ಜರ್ಮನಿಯ ಜೊತೆ ಕೈಜೋಡಿಸಿದ ಅವರ ವಿಷಿ ಸರ್ಕಾರದ ಘೋಷಣೆಯೇ ಆಗಿಹೋಯಿತು. ಯುದ್ಧ ಬೇಡ ಅಂದದ್ದಕ್ಕೆ 1939ರಲ್ಲಿ ಜೈಲು ಕಂಡ ಜಿಯೊನೊ 1944ರಲ್ಲಿ ಮತ್ತೆ ಜೈಲಿಗೆ ಹೋದ, ಆ ಸರ್ಕಾರಕ್ಕೆ ಹತ್ತಿರದವನು ಅನ್ನುವ ಆರೋಪ ಹೊತ್ತು. ಅದೇ ವರ್ಷಗಳಲ್ಲಿ ನಮ್ಮ ಕರಾವಳಿಯಲ್ಲಿ, ಗಾಂಧಿಯ ಕರೆಗೆ ಕಾಲೇಜು ಬಿಟ್ಟ ಕಾರಂತರು ಅದೇ ವಿಷಯ ಬರೆಯುತ್ತಿದ್ದಾರೆ. ಆದರೆ ಅವರಲ್ಲಿ ಮಣ್ಣು ಯಾರನ್ನೂ ಉದ್ಧಾರ ಮಾಡುವುದಿಲ್ಲ. ಉಪ್ಪುನೀರು ನುಗ್ಗುತ್ತದೆ, ನೆರೆ ಬರುತ್ತದೆ, ಗೇಯುವವರು ಐತಾಳರ ಮನೆಯ ಹೆಂಗಸರಾದ ಪಾರೋತಿ ಮತ್ತು ಸರಸೋತಿ. ಪಾಂತುರ್ಲ್‌ಗೆ ಒಂದು ಬೆಳೆಯಲ್ಲಿ ಸಿಕ್ಕಿದ್ದಕ್ಕೆ ಇಲ್ಲಿ ತಲೆಮಾರುಗಳುದ್ದಕ್ಕೂ ಹೆಂಗಸರ ಬೆನ್ನು ಬಗ್ಗಿದೆ. ಈ ವ್ಯತ್ಯಾಸವೇ ನನ್ನ ಪ್ರಬಂಧ.

ಇದು ಲೈಬ್ರರಿಯಲ್ಲಿ ಹೊಳೆಯಲಿಲ್ಲ. ವಸಂತದಲ್ಲಿ ಬಾನೊನ್‌ಗೆ ಹೋಗಿದ್ದೆ. ಪಾಂತುರ್ಲ್ ಗೋಧಿ ಮಾರುವ ಊರು ಅದು. ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿದ ಆಡಿನ ಚೀಸ್‌ಗೆ ಹೆಸರುವಾಸಿ, ಅಷ್ಟು ಸಣ್ಣ ಊರಿನಲ್ಲಿ ನಂಬಲಾಗದಷ್ಟು ದೊಡ್ಡ ಪುಸ್ತಕದಂಗಡಿಯೂ ಇದೆ. ಅಲ್ಲಿಂದ ಮೇಲೆ ರೆದೋರ್ತಿಯೆ ಅನ್ನುವ ಪಾಳು ಹಳ್ಳಿ. ಕಾದಂಬರಿಯ ಹಳ್ಳಿಗೆ ಅದೇ ಮೂಲ ಅನ್ನುತ್ತಾರೆ. ಬಸ್ಸು ಕಡಿಮೆ, ನಡೆಯುವುದು ಜಾಸ್ತಿ. ಬಿದ್ದ ಗೋಡೆ, ಗಾಳಿ, ಲ್ಯಾವೆಂಡರ್ ಸಾಲು ಬಿಟ್ಟರೆ ಏನೂ ಇಲ್ಲ. ಆ ಹಳ್ಳಿಗೆ ಕೊನೆಗೂ ಯಾರೂ ವಾಪಸ್ ಬರಲಿಲ್ಲ. ಕೋಡಿಯ ಕಡೆಯ ಗದ್ದೆಗಳನ್ನು ನಾನು ಕಣ್ಣಾರೆ ಕಂಡವಳು, ಅಲ್ಲಿ ಜನ ಬಿಟ್ಟೂ ಹೋದರು, ಉಳಿದೂ ಇದ್ದಾರೆ. ಆ ರಾತ್ರಿಯೇ ಅಮ್ಮಮ್ಮನಿಗೆ ಫೋನ್ ಮಾಡಿ, ಗದ್ದೆಗೆ ಉಪ್ಪುನೀರು ಬಂದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಕಟ್ಟ ಹಾಕುವುದರಿಂದ ಹಿಡಿದು ಯಾರು ಎಷ್ಟು ಹೊತ್ತು ನೀರಿನಲ್ಲಿ ನಿಲ್ಲುತ್ತಿದ್ದರು ಅನ್ನುವವರೆಗೆ ಎಲ್ಲ ಹೇಳಿದರು. ಆ ಮಾತುಗಳು ಎರಡನೇ ಅಧ್ಯಾಯಕ್ಕೆ ಹೋದವು.

ಕೊನೆಗೆ ಎಲ್ಲರೂ ಹೆದರಿಸಿದ ಪ್ರಶ್ನೆ: ತಿದ್ದುವವರು ಯಾರು? ಇದಕ್ಕೆ ನನ್ನ ಉತ್ತರ ಅನುಬಂಧ. ಕಾರಂತರಿಂದ ತೆಗೆದ ಪ್ರತಿ ಭಾಗಕ್ಕೂ ಮೂಲ ಕನ್ನಡ, ಪದಕ್ಕೆ ಪದ ಫ್ರೆಂಚ್, ಆಮೇಲೆ ಓದಿಸಿಕೊಂಡು ಹೋಗುವ ಫ್ರೆಂಚ್. ಜೊತೆಗೆ ಅಚ್ಚಾದ ಇಂಗ್ಲಿಷ್ ಅನುವಾದದ ಪುಟ ಸಂಖ್ಯೆ, ಬೇಕಾದವರು ತಾಳೆ ನೋಡಲಿ ಅಂತ. ಇದನ್ನು ಎಕ್ಸ್‌ನಲ್ಲೇ ತೌಲನಿಕ ಸಾಹಿತ್ಯದ ತರಗತಿಯಲ್ಲಿ ಎಲ್ಲರ ಮುಂದೆ ನಿಂತು ಹೇಳುವ ಒಂದು ಎಕ್ಸ್‌ಪೊಜೆಯಾಗಿ ಮಂಡಿಸಿ ಪರೀಕ್ಷೆ ಮಾಡಿಕೊಂಡಿದ್ದೆ. ಅಲ್ಲಿ ಹೊರಗಿನ ಸಾಹಿತ್ಯವನ್ನು ಫ್ರೆಂಚ್ ಅನುವಾದದಲ್ಲೇ ಓದುವುದು ರೂಢಿ, ಆದ್ದರಿಂದ ನನ್ನ ಅನುವಾದವನ್ನು ಅವರು ಪಠ್ಯವಾಗಿಯೇ ತೆಗೆದುಕೊಂಡು ಪ್ರಶ್ನೆ ಕೇಳಿದರು. ಎಲ್ಲಿ ಅರ್ಥ ಕೈತಪ್ಪುತ್ತದೆ ಅಂತ ಅಲ್ಲೇ ಗೊತ್ತಾಯಿತು.

ವಾಪಸ್ ಬಂದಮೇಲೆ ನಮ್ಮ ವಿಭಾಗಕ್ಕೆ ಆ ಅನುಬಂಧದ ಮೂರು ಪುಟ ಮತ್ತು ಒಂದು ಪತ್ರ ಕಳಿಸಿದೆ. ವಾರದೊಳಗೆ ಒಪ್ಪಿಗೆ ಬಂತು. ಪತ್ರದಲ್ಲಿ ಏನು ಬರೆದೆ ಅನ್ನುವುದು ನನ್ನ ಗುಟ್ಟು, ಆದರೆ ಪುಟಗಳಿಲ್ಲದೆ ಬರೀ ಪತ್ರ ಕಳಿಸಬೇಡಿ. ಎರಡನೇ ವರ್ಷದಲ್ಲಿ ನಾನು ಹಾಗೆ ಕೇಳಿದಾಗಲೇ ಆಗುವುದಿಲ್ಲ ಅಂದಿದ್ದು. ಅನುಬಂಧವನ್ನು ಪದಮಿತಿಯಲ್ಲಿ ಎಣಿಸುತ್ತಾರಾ ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ನನ್ನದು ಎಣಿಸಲಿಲ್ಲ. ಎಣಿಸಿದ್ದರೆ ಅರ್ಧ ಪ್ರಬಂಧ ಕತ್ತರಿಸಬೇಕಾಗುತ್ತಿತ್ತು.